ಮಂಜು ಬೀಳೋ ತಿಂಗಳ ತರಕಾರಿ

ನಮ್ಮ ಕಾಸರಗೋಡಿನ ಚಳಿ ಏನು ಮಹಾ ಮಾರಾಯ್ರೆ, ಬೆಳಗ್ಗೆ ಹೊದ್ದ ಶಾಲು ಎಂಟು ಗಂಟೆಗೆ ತೆಗ್ದು ಮಡಚಿಡ್ಬೇಕು. ಚಳಿಯಿಂದ ಗಿಡಕ್ಕೆ ಏನೂ ಆಗುದಿಲ್ಲ, ಆಟ ಆಡ್ಸುದು ರಾತ್ರಿ ಬೀಳೋ ಮಂಜು ಮತ್ತೆ ಹಗಲಿನ ಒಣಗಾಳಿ. ಇದೆರಡು ಅರ್ಥ ಆದ್ರೆ ಶಿವರಾತ್ರಿ ತನಕ ಪೇಟೆ ತರಕಾರಿ ತರುದು ಭಾರೀ ಕಮ್ಮಿ.

ತುಲಾ ತಿಂಗಳ (ಅಕ್ಟೋಬರ್ ಮಧ್ಯದಿಂದ ನವೆಂಬರ್ ಮಧ್ಯದ ತನಕ) ಗುಡುಗು ಮಳೆ ಪೂರ್ತಿ ನಿಲ್ಲದೆ ಹರಿವೆ ಬಿತ್ಬೇಡಿ. ದೀಪಾವಳಿ ಕಳೀತಲ್ಲ ಅಂತ ನಾನೊಂದು ವರ್ಷ ಅವಸರ ಮಾಡಿದ್ದೆ, ಸಂಜೆ ಮಳೆಗೆ ಬೀಜ ಎಲ್ಲ ಕೊಚ್ಚಿಹೋಗಿ ತೋಡಿನ ಬದಿಯಲ್ಲಿ ಚಂದ ಹುಟ್ಟಿತು, ನನ್ನ ಪಾತಿಯಲ್ಲಿ ಮಾತ್ರ ಒಂದೂ ಇಲ್ಲ. ಇನ್ನು ಇರುವೆ. ಹರಿವೆ ಬೀಜ ಅಂದ್ರೆ ಅವಕ್ಕೆ ಜಾತ್ರೆ. ಬೀಜಕ್ಕೆ ಒಂದು ಮುಷ್ಟಿ ರವೆ, ಸ್ವಲ್ಪ ಮರಳು ಬೆರೆಸಿ ಬಿತ್ತಿ, ಇರುವೆಗಳು ರವೆ ಹೊತ್ಕೊಂಡು ಹೋಗುವಷ್ಟರಲ್ಲಿ ಬೀಜ ಮೊಳಕೆ ಒಡೀತದೆ, ಮರಳಿದ್ರೆ ಒತ್ತೊತ್ತಾಗಿ ಬೀಳುದೂ ಇಲ್ಲ. ಕೊಯ್ಯುವಾಗ ಬುಡಸಮೇತ ಕೀಳ್ಬೇಡಿ, ನಾಲ್ಕು ಬೆರಳು ಬಿಟ್ಟು ಕತ್ತರಿಸಿದ್ರೆ ಮತ್ತೆ ಚಿಗುರ್ತದೆ.

ನಮ್ಮ ಮುರಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು) ಜಾಗದ ಮಣ್ಣು ನೀರು ಹಿಡಿಯುದಿಲ್ಲ. ಹಾಗಾಗಿ ಸುಡುಮಣ್ಣು (ತರಗೆಲೆ, ಕಸದ ಜೊತೆ ಸುಟ್ಟ ಮಣ್ಣು), ಒಣ ಸೆಗಣಿ ಸೇರಿಸಿ ಬುಡಕ್ಕೆ ತರಗೆಲೆಯೋ ಅಡಿಕೆ ಸೋಗೆಯೋ ಮುಚ್ಚಿ. ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಕೊರೆದ ಸುರಂಗದ ನೀರು ಇದ್ದವರು ಪುಣ್ಯವಂತರು, ಪೈಪಿನ ನೀರಿನವರು ಪಾತ್ರೆ ತೊಳೆದ ಮೊದಲ ನೀರು (ಸೋಪು ಹಾಕದ್ದು) ಬಸಳೆ ಬುಡಕ್ಕೆ ಬಿಡಿ. ನೀರು ಮಾತ್ರ ಬೆಳಗ್ಗೆಯೇ, ಬುಡಕ್ಕೇ. ಸಂಜೆ ಪೈಪ್ ಹಿಡ್ಕೊಂಡು ಎಲೆ ಮೇಲೆಲ್ಲ ಚಿಮುಕಿಸುವ ಚಟ ನಮ್ಮ ಮನೆ ಮಕ್ಕಳಿಗೂ ಉಂಟು, ಆಮೇಲೆ ಅದ್ರ ಮೇಲೆ ಮಂಜೂ ಬಿದ್ದು ಎಲೆ ಇಡೀ ರಾತ್ರಿ ಒದ್ದೆ, ಸೌತೆ ಬಳ್ಳಿಗೆ ರೋಗ ಬರ್ಲಿಕ್ಕೆ ಬೇರೆ ಏನೂ ಬೇಡ.

ಆದ್ರೆ ಅದೇ ಮಂಜು ಒಂದು ಉಪಕಾರವೂ ಮಾಡ್ತದೆ. ಅಲಸಂಡೆ ಕುಡಿಗೆ ಕಪ್ಪು ಹೇನು ಹತ್ತಿದಾಗ ಸೂರ್ಯ ಬರುವ ಮೊದಲೇ ಹೋಗಿ ಒಲೆಯ ಬೂದಿ ಜರಡಿ ಹಿಡಿದು ಎರಚಿ, ಎಲೆ ಒದ್ದೆ ಇರ್ತದಲ್ಲ, ಬೂದಿ ಅಂಟಿ ಕೂರ್ತದೆ. ಹತ್ತು ಗಂಟೆಗೆ ಎರಚಿದ್ರೆ ಗಾಳಿಗೆ ನಿಮ್ಮ ಕಣ್ಣಿಗೇ.

ಸಾಂಬಾರು ಸೌತೆ ಪೂರ್ತಿ ಬಲಿತು ಬಣ್ಣ ಬಂದ ಮೇಲೆ ತೊಟ್ಟು ಸಮೇತ ಕೊಯ್ದು, ಬಾಳೆನಾರಲ್ಲಿ ಕಟ್ಟಿ ಒಂದಕ್ಕೊಂದು ತಾಗದ ಹಾಗೆ ಅಟ್ಟದಲ್ಲಿ ನೇತಾಡ್ಸಿ, ಮಳೆಗಾಲಕ್ಕೂ ಉಳೀತದೆ. ವಾರಕ್ಕೊಮ್ಮೆ ಒತ್ತಿ ನೋಡಿ, ಮೆತ್ತಗಾಗ್ಲಿಕ್ಕೆ ಶುರುವಾದದ್ದನ್ನು ಅವತ್ತೇ ಹುಳಿಗೆ ಹಾಕಿ, ಇಲ್ಲದಿದ್ರೆ ನಡುರಾತ್ರಿ ಕೊಳೆತು ಯಾರ ತಲೆ ಮೇಲೆ ಬೀಳ್ತದೆ ಅಂತ ಹೇಳ್ಲಿಕ್ಕೆ ಬರುದಿಲ್ಲ.