ಗ್ರೂಪ್ ಕೌನ್ಸೆಲಿಂಗ್ ನಡೆಸೋರು ಮೊದಲ ದಿನಾನೇ ಬಾಯಿಬಿಟ್ಟು ಹೇಳ್ಬೇಕಾದ ಮಾತುಗಳು

ನಮ್ ಚಿಕ್ಕಬಳ್ಳಾಪುರ ಕಡೆ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಎಂಎ), ಸೈಕಾಲಜಿ ಮುಗಿಸಿ ಕೆಲಸಕ್ಕೆ ಸೇರಿದ ಹುಡುಗ್ರು ಹುಡುಗೀರಿಗೆ ಮೊದ್ಲು ಕೈಗೆ ಬರೋದೇ ಗ್ರೂಪು. ಕುಡಿತ ಬಿಡೋರ ಗ್ರೂಪು, ಸ್ತ್ರೀಶಕ್ತಿ ಸಂಘದ ಹೆಂಗಸರ ಗ್ರೂಪು, ಪಿಯು ಕಾಲೇಜು ಮಕ್ಕಳ ಗ್ರೂಪು. ಒಬ್ಬೊಬ್ಬರನ್ನೇ ಕೂರಿಸ್ಕೊಂಡು ಮಾತಾಡೋಕೆ ಟ್ರೈನಿಂಗ್ ಸಿಕ್ಕಿರುತ್ತೆ, ಆದ್ರೆ ಎಂಟು ಹತ್ತು ಜನ ಸುತ್ತ ಕೂತಾಗ ನಮ್ ಮೇಲೆ ಏನೇನು ಜವಾಬ್ದಾರಿ ಬರುತ್ತೆ, ಕಾನೂನು ಏನನ್ನುತ್ತೆ ಅಂತ ಯಾರೂ ಸರಿಯಾಗಿ ಹೇಳ್ಕೊಟ್ಟಿರಲ್ಲ.

ಒಬ್ರ ಜೊತೆ ಮಾತಾಡುವಾಗ ಗುಟ್ಟು ಕಾಯೋದು ನಿಮ್ಮೊಬ್ಬರ ಕೈಲಿರುತ್ತೆ. ಗ್ರೂಪಲ್ಲಿ ಅದೇ ಗುಟ್ಟು ಎಂಟು ಜನರ ಬಾಯಲ್ಲಿರುತ್ತೆ, ನೀವು ನಿಮ್ಮ ಬಾಯಿ ಕಟ್ಟಬಹುದು, ಅವರದ್ದನ್ನ ಕಟ್ಟೋಕಾಗಲ್ಲ. ಅದ್ರಲ್ಲೂ ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರಂಥ ಊರಲ್ಲಿ ಯಾರನ್ನ ಕೂರಿಸಿದ್ರೂ ಒಬ್ರಿಗೊಬ್ರು ಯಾವ್ದೋ ದಾರೀಲಿ ಸಂಬಂಧ ಇದ್ದೇ ಇರುತ್ತೆ, ಹಾಗಾಗಿ "ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ" ಅಂತ ಗ್ಯಾರಂಟಿ ಕೊಡೋದೇ ಮೊದಲ ತಪ್ಪು. ಯಾವುದನ್ನ ಕೊಡೋಕಾಗಲ್ವೋ ಅದನ್ನ ಮೊದಲೇ ಹೇಳ್ಬೇಕು, ಜನ ಬಾಯಿ ತೆಗೆಯೋಕೆ ಮುಂಚೆ ಹೇಳ್ಬೇಕು. ನನ್ ಪ್ರಕಾರ ಈ ಕೆಲಸದ ಮುಕ್ಕಾಲು ಪಾಲು ನ್ಯಾಯ ಇದರಲ್ಲೇ ಇದೆ.

ಶುರು ಮಾಡೋಕೆ ಮುಂಚೆ ಪ್ರತಿಯೊಬ್ಬರನ್ನೂ ಒಂಟಿಯಾಗಿ ಒಂದ್ಸಲ ಭೇಟಿ ಮಾಡಿ. ಇದನ್ನ ಬಿಡಲೇಬೇಡಿ, ಮೇಲಿನವರು ಎಷ್ಟೇ ಅರ್ಜೆಂಟ್ ಮಾಡಿದ್ರೂ. ಈ ಗ್ರೂಪಿಗೆ ಇಂಥ ಊರಿನವರು, ಇಂಥ ಕೆಲಸದವರು ಬರ್ತಾರೆ, ನಿಮಗೆ ಯಾರ ಮುಂದೆ ಮಾತಾಡೋಕೆ ಕಷ್ಟ ಆಗುತ್ತೆ ಅಂತ ಕೇಳಿ, ಬೇರೆಯವರ ಹೆಸರು ಮಾತ್ರ ಹೇಳ್ಬೇಡಿ. ಫಿಲೇಚರ್ (ರೇಷ್ಮೆ ನೂಲು ತೆಗೆಯೋ ಘಟಕ) ಮಾಲೀಕನೂ ಅವನ ಹತ್ರ ಅಡ್ವಾನ್ಸ್ ತಗೊಂಡು ಕೆಲಸ ಮಾಡೋನೂ ಒಂದೇ ಗ್ರೂಪಲ್ಲಿ ಕೂತ್ರೆ ಆ ಕೆಲಸದವನು ಮೂರು ತಿಂಗಳಾದ್ರೂ ನಿಜ ಹೇಳಲ್ಲ. ಸಂಘದಲ್ಲಿ ಸಾಲ ಕೊಟ್ಟವಳು ಸಾಲ ತಗೊಂಡವಳು, ಅತ್ತೆ ಸೊಸೆ, ಹೊಡೆಯೋ ಗಂಡ ಏಟು ತಿನ್ನೋ ಹೆಂಡ್ತಿ, ಇವರನ್ನ ಒಟ್ಟಿಗೆ ಹಾಕ್ಬೇಡಿ, ಕೊನೇದಂತೂ ಅಪಾಯ, ಇಲ್ಲಿ ಹೇಳಿದ ಮಾತಿಗೆ ಮನೇಲಿ ಏಟು ಬೀಳುತ್ತೆ. ಈಗಲೇ ಸಾಯೋ ಯೋಚನೇಲಿರೋರು, ಕಿವೀಲಿ ಧ್ವನಿ ಕೇಳ್ತಿದೆ ಅನ್ನೋರು ಗ್ರೂಪಿಗೆ ಬರೋ ಮುಂಚೆ ಜಿಲ್ಲಾಸ್ಪತ್ರೆ ಸೈಕಿಯಾಟ್ರಿಸ್ಟ್ ಹತ್ರ ಹೋಗ್ಬೇಕು. ಮಾತ್ರೆ ಶುರು ಮಾಡಿ, ನಿಲ್ಲಿಸಿ ಅಂತ ಹೇಳೋ ಹಕ್ಕು ಕೌನ್ಸೆಲರ್‌ಗಿಲ್ಲ, ಎಷ್ಟೇ ಪಕ್ಕಾ ಗೊತ್ತಿದ್ರೂ.

ಮೊದಲ ಸೆಷನ್‌ನಲ್ಲಿ ಹೆಚ್ಚುಕಮ್ಮಿ ಹಿಂಗೆ ಹೇಳಿ:

"ಅಣ್ಣಾ, ಅಕ್ಕಾ, ನೀವು ಇಲ್ಲಿ ಹೇಳಿದ್ದನ್ನ ನಾನು ಹೊರಗೆ ಹೇಳಲ್ಲ. ನೀವೂ ಹೇಳ್ಬೇಡಿ ಅಂತ ಕೇಳ್ಕೊಳ್ತೀನಿ, ಆದ್ರೆ ಪಕ್ಕದಲ್ಲಿ ಕೂತೋರು ಹೇಳಲ್ಲ ಅಂತ ನಾನು ಮಾತು ಕೊಡೋಕಾಗಲ್ಲ. ಯಾರಾದ್ರೂ ಸಾಯ್ತೀನಿ ಅಂದ್ರೆ, ಯಾರನ್ನಾದ್ರೂ ಕೊಲ್ತೀನಿ ಹೊಡೀತೀನಿ ಅಂದ್ರೆ, ಹದಿನೆಂಟು ತುಂಬದ ಮಗುವಿಗೆ ಲೈಂಗಿಕವಾಗಿ ತೊಂದ್ರೆ ಆಗಿದೆ ಅಂತ ಗೊತ್ತಾದ್ರೆ, ಕೋರ್ಟು ಕೇಳಿದ್ರೆ, ಈ ನಾಲ್ಕರಲ್ಲಿ ನಾನು ಸುಮ್ನಿರೋಕಾಗಲ್ಲ. ಹೇಳೋಕೆ ಇಷ್ಟ ಇಲ್ದಿದ್ರೆ 'ಬೇಡ' ಅಂದ್ರೆ ಸಾಕು, ಕಾರಣ ಕೇಳಲ್ಲ. ಮಧ್ಯದಲ್ಲಿ ಬಿಟ್ಟು ಹೋಗ್ಬಹುದು, ಅದಕ್ಕೆ ನಿಮಗೆ ಸಿಗ್ಬೇಕಾದ ಬೇರೆ ಸೌಲಭ್ಯ ಯಾವ್ದೂ ನಿಲ್ಲಲ್ಲ."

ಇದನ್ನ ಒಂದು ಹಾಳೆ ಮೇಲೂ ಬರೆದು ಸಹಿ ತಗೊಳ್ಳಿ, ಓದೋಕೆ ಬರದವರಿಗೆ ಓದಿ ಹೇಳಿ ಹೆಬ್ಬೆಟ್ಟು ಹಾಕಿಸ್ಕೊಳ್ಳಿ. ಬಾಗೇಪಲ್ಲಿ ಕಡೆ ಮನೇಲಿ ತೆಲುಗು ಮಾತಾಡೋರೇ ಜಾಸ್ತಿ, ಶಿಡ್ಲಘಟ್ಟದಲ್ಲಿ ಉರ್ದು ಮನೆಗಳೂ ಬೇಕಾದಷ್ಟಿವೆ, ಅವರಿಗೆ ಅವರ ಭಾಷೇಲೇ ಹೇಳ್ಬೇಕು, ಅರ್ಥ ಆಗದೇ ಹಾಕಿದ ಸಹಿ ಒಪ್ಪಿಗೆ ಅಲ್ಲ. ಹದಿನೆಂಟರ ಒಳಗಿನವರಿಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು, ಜೊತೆಗೆ ಆ ಮಗು ಬಾಯಲ್ಲೂ 'ಹೂಂ' ಬರ್ಬೇಕು. ಫ್ಯಾಕ್ಟರಿಯವರೋ ಕಾಲೇಜಿನವರೋ ಬಲವಂತವಾಗಿ ಕಳಿಸಿದ್ರೆ, ಅವರಿಗೆ ನೀವು ಏನು ರಿಪೋರ್ಟ್ ಕೊಡ್ತೀರ ಅನ್ನೋದನ್ನ ಗ್ರೂಪಿನವರಿಗೆ ಮೊದಲೇ ಹೇಳಿ. ಬಂದಿದ್ರು, ಬರ್ಲಿಲ್ಲ, ಅಷ್ಟೇ ಬರೆದು ಕೊಡಿ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಮಾನಸಿಕ ಕಾಯಿಲೆ ಇರೋರ ವಿಷಯ ಗುಟ್ಟಾಗಿಡೋದನ್ನ ಅವರ ಹಕ್ಕು ಅಂತ ಹೇಳುತ್ತೆ, ಯಾವಾಗ ಹೇಳ್ಬಹುದು ಅನ್ನೋದನ್ನೂ ಅಲ್ಲೇ ಪಟ್ಟಿ ಮಾಡುತ್ತೆ: ಜೀವಕ್ಕೆ ಅಪಾಯ, ಬೇರೆಯವರಿಗೆ ಹಿಂಸೆ ಆಗೋ ಸಾಧ್ಯತೆ, ಕೋರ್ಟಿನ ಅಥವಾ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಆದೇಶ, ಇನ್ನೊಬ್ಬ ಡಾಕ್ಟರ್ ಚಿಕಿತ್ಸೆಗೆ ಬೇಕಾದಾಗ, ಹೀಗೆ. ಅದೂ ಎಷ್ಟು ಬೇಕೋ ಅಷ್ಟು ಮಾತ್ರ. ಗ್ರೂಪಿಗೆ ಬರೋ ಎಲ್ರಿಗೂ ಕಾಯಿಲೆ ಇರಲ್ಲ, ಆದ್ರೂ ಇದೇ ಅಳತೇನ ಎಲ್ರಿಗೂ ಇಟ್ಕೊಳ್ಳೋದು ಕ್ಷೇಮ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1976ರ ಟರಾಸಾಫ್ ತೀರ್ಪು ಬಂದಾಗಿಂದ, ಅಪಾಯದಲ್ಲಿರೋ ಮೂರನೆಯವರನ್ನ ಕಾಪಾಡೋ ಹೊಣೆ ಥೆರಪಿಸ್ಟ್‌ಗೂ ಇದೆ ಅಂತ ಕ್ಲಾಸಲ್ಲಿ ಓದಿರ್ತೀರ, ಅದು ನಮ್ ದೇಶದ ಕಾನೂನಲ್ಲ, ಇಲ್ಲಿ ನೋಡ್ಬೇಕಾದ್ದು ಈ 23ನ್ನ.

ಮಕ್ಕಳ ಗ್ರೂಪ್ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ಬೇಕು, ಯಾಕಂದ್ರೆ ಇಲ್ಲೇ ಎಲ್ರೂ ಸಿಕ್ಕಿಹಾಕ್ಕೊಳ್ಳೋದು. ಮಕ್ಕಳನ್ನ ಲೈಂಗಿಕ ಅಪರಾಧಗಳಿಂದ ಕಾಪಾಡೋ 2012ರ ಪೋಕ್ಸೋ ಕಾಯ್ದೆ ಪ್ರಕಾರ ಹದಿನೆಂಟು ತುಂಬದವರ ಮೇಲೆ ಲೈಂಗಿಕ ಅಪರಾಧ ನಡೆದಿದೆ ಅಂತ ಗೊತ್ತಾದ್ರೆ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೋ ಲೋಕಲ್ ಸ್ಟೇಷನ್‌ಗೋ ತಿಳಿಸಲೇಬೇಕು, ತಿಳಿಸದಿದ್ರೆ ಆರು ತಿಂಗಳವರೆಗೆ ಜೈಲು, ಇಲ್ಲ ದಂಡ, ಇಲ್ಲ ಎರಡೂ. ಸಂಸ್ಥೆ ಮುಖ್ಯಸ್ಥರು ತಮ್ಮ ಕೈಕೆಳಗಿನವರ ವಿಷಯ ಮುಚ್ಚಿಟ್ರೆ ಒಂದು ವರ್ಷದವರೆಗೆ. ಪ್ರಿನ್ಸಿಪಾಲ್‌ಗೆ ಹೇಳ್ಬಿಟ್ಟೆ, ನನ್ ಕೆಲಸ ಮುಗೀತು ಅನ್ಕೊಳ್ಳೋಹಾಗಿಲ್ಲ. ಒಳ್ಳೆ ಮನಸ್ಸಿಂದ ತಿಳಿಸಿದವರ ಮೇಲೆ ಕೇಸ್ ಬರಲ್ಲ ಅಂತ ಅದೇ ಕಾಯ್ದೆ ಹೇಳುತ್ತೆ.

ಒಂದು ಹುಡುಗಿ ಗ್ರೂಪಲ್ಲಿ ಮಾತಾಡ್ತಾ ಮಾತಾಡ್ತಾ "ನಮ್ ಮಾವ ಚಿಕ್ಕವಳಿದ್ದಾಗಿಂದ..." ಅಂತ ಶುರು ಮಾಡಿದ್ಲು ಅನ್ಕೊಳ್ಳಿ. ಎಲ್ರ ಮುಂದೆ ಪ್ರಶ್ನೆ ಮೇಲೆ ಪ್ರಶ್ನೆ ಕೇಳ್ಬೇಡಿ, ಯಾವಾಗ ಎಲ್ಲಿ ಹೇಗೆ ಅಂತ ತನಿಖೆ ಮಾಡೋದು ನಿಮ್ ಕೆಲಸ ಅಲ್ಲ. "ಪುಟ್ಟಾ, ಇದನ್ನ ಹೇಳಿದ್ದು ಒಳ್ಳೇದಾಯ್ತು, ಸೆಷನ್ ಆದ್ಮೇಲೆ ನಾನು ನೀನು ಕೂತು ಮಾತಾಡೋಣ" ಅನ್ನಿ, ಉಳಿದ ಮಕ್ಕಳು ಗಾಬರಿಯಾಗಿರ್ತಾರೆ, ಅವರನ್ನೂ ಸಮಾಧಾನ ಮಾಡಿ, ಈ ಮಾತು ಬಸ್‌ಸ್ಟ್ಯಾಂಡ್‌ಗೆ ಹೋಗ್ಬಾರ್ದು ಅಂತ ಮತ್ತೆ ಹೇಳಿ. ಆಮೇಲೆ ಅವಳ ಮಾತಲ್ಲೇ ಬರೆದಿಟ್ಕೊಳ್ಳಿ, ಮುಂದೆ ಏನೇನಾಗುತ್ತೆ ಅಂತ ಅವಳಿಗೆ ಹೇಳಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ ಸಹಾಯ ಕೇಳಿ, ಸ್ಟೇಷನ್‌ಗೆ ತಿಳಿಸಿ. ಅವಳ ಹೆಸರು, ಊರು, ಕಾಲೇಜು ಹೊರಗೆ ಬರ್ಬಾರ್ದು, ಅದೂ ಅಪರಾಧ.

ಇನ್ನೂ ಕಷ್ಟದ್ದು ಹದಿನಾರು ಹದಿನೇಳು ವಯಸ್ಸಿನ ಪ್ರೀತಿ. ದೈಹಿಕ ಸಂಬಂಧಕ್ಕೆ ಇಬ್ರೂ ಒಪ್ಪಿದ್ರು ಅಂದ್ರೂ ಕಾನೂನು ಒಪ್ಪಲ್ಲ, ಮದುವೆ ಮಾಡ್ಬಿಟ್ಟಿದ್ದಾರೆ ಅಂದ್ರೂ ಅಷ್ಟೇ. ಇದು ಸರೀನಾ ಅಂತ ನನಗೂ ಮನಸ್ಸು ಹಿಂಡುತ್ತೆ, ಆದ್ರೆ ಕಾನೂನು ಇರೋದು ಹಿಂಗೆ. ಅದಕ್ಕೇ ಮೊದಲ ದಿನದ ಮಾತು ಅಷ್ಟು ಮುಖ್ಯ, ಏನು ಹೇಳಿದ್ರೆ ಏನಾಗುತ್ತೆ ಅಂತ ಮಕ್ಕಳಿಗೆ ಗೊತ್ತಿದ್ರೆ ಹೇಳೋದು ಬಿಡೋದು ಅವರ ಆಯ್ಕೆ ಆಗಿರುತ್ತೆ. ನಂಬಿಸಿ ಬಾಯಿ ಬಿಡಿಸಿ ಆಮೇಲೆ ಪೊಲೀಸ್ ಅಂದ್ರೆ ಆ ಮಗು ಜನ್ಮದಲ್ಲಿ ಇನ್ನೊಬ್ಬ ಕೌನ್ಸೆಲರ್ ಹತ್ರ ಹೋಗಲ್ಲ.

ಸಾಯ್ತೀನಿ ಅನ್ನೋರಿಗೆ "ಕೇಸ್ ಆಗುತ್ತೆ ನೋಡು" ಅಂತ ಹೆದರಿಸೋರು ಇನ್ನೂ ಇದ್ದಾರೆ. 2017ರ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ರು ಅಂತಲೇ ತಿಳ್ಕೊಂಡು ಸರ್ಕಾರ ಅವರಿಗೆ ಆರೈಕೆ ಕೊಡ್ಬೇಕು. ಗ್ರೂಪ್ ಮುಗಿದ್ಮೇಲೆ ಅವರನ್ನ ಒಬ್ಬರೇ ಬಸ್ ಹತ್ತಿಸಿ ಕಳಿಸ್ಬೇಡಿ. ಮನೆಯವರಲ್ಲಿ ಯಾರಿಗೆ ಹೇಳ್ಲಿ ಅಂತ ಅವರನ್ನೇ ಕೇಳಿ, ಅವರು ಹೇಳಿದವರನ್ನ ಕರೆಸಿ, ತೋಟಕ್ಕೆ ಹೊಡೆಯೋ ಔಷಧಿ ಡಬ್ಬ ಮನೇಲಿದ್ರೆ ಇವತ್ತೇ ಬೇರೆ ಕಡೆ ಸಾಗಿಸಿ ಅನ್ನಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಫ್ರೀ, ಇಪ್ಪತ್ನಾಲ್ಕು ಗಂಟೆ, ಕನ್ನಡದಲ್ಲೂ ಮಾತಾಡ್ತಾರೆ.

ಗಂಡ ಹೊಡೀತಾನೆ ಅಂತ ವಯಸ್ಕ ಹೆಂಗಸು ಹೇಳಿದ್ರೆ ಲೆಕ್ಕ ಬೇರೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆ ಪ್ರಕಾರ ಯಾರು ಬೇಕಾದ್ರೂ ಆ ಕಾಯ್ದೆಯಡಿ ಸರ್ಕಾರ ನೇಮಿಸಿರೋ ರಕ್ಷಣಾಧಿಕಾರಿಗೆ ತಿಳಿಸ್ಬಹುದು, ತಿಳಿಸಲೇಬೇಕು ಅಂತಿಲ್ಲ. ಜೀವಕ್ಕೆ ಅಪಾಯ ಇಲ್ದಿದ್ರೆ ತೀರ್ಮಾನ ಆಯಮ್ಮಂದು, ನೀವು ದಾರಿಗಳನ್ನ ಹೇಳಿ, ಮಹಿಳಾ ಸಹಾಯವಾಣಿ 181 ನಂಬರ್ ಕೊಡಿ. ಉಳಿದ ಹೆಂಗಸರು "ಅಡ್ಜಸ್ಟ್ ಮಾಡ್ಕೊಳ್ಳಮ್ಮ" ಅಂತ ಶುರು ಮಾಡಿದ್ರೆ ಅಲ್ಲೇ ತಡೀರಿ. ಜಾತಿ ಮೇಲೆ ಚುಚ್ಚೋದು, ಒಬ್ಬರನ್ನೇ ಎಲ್ರೂ ಸೇರ್ಕೊಂಡು ತಿದ್ದೋಕೆ ಹೋಗೋದು, ಇದೆಲ್ಲ ನಡೀತಿರುವಾಗ ಗ್ರೂಪ್ ನಡೆಸೋ ಲೀಡರ್ ಸುಮ್ನೆ ಕೂತ್ರೆ ಗಾಯಕ್ಕೆ ಲೀಡರೇ ಹೊಣೆ.

ನೋಟ್ಸ್ ಬರೆಯುವಾಗ ಒಬ್ಬೊಬ್ಬರಿಗೂ ಬೇರೆ ಬೇರೆ ಫೈಲ್ ಇಡಿ, ಒಬ್ಬರ ಫೈಲಲ್ಲಿ ಇನ್ನೊಬ್ಬರ ಹೆಸರು ಬರ್ಬಾರ್ದು. ವಕೀಲರಿಗೂ ಕಕ್ಷಿದಾರರಿಗೂ ನಡುವಿನ ಮಾತಿಗೆ ಕೋರ್ಟಲ್ಲಿ ಇರೋ ರಕ್ಷಣೆ ಕೌನ್ಸೆಲರ್‌ಗಿಲ್ಲ, ನಿಮ್ಮನ್ನೂ ಸಾಕ್ಷಿಗೆ ಕರೀಬಹುದು, ಗ್ರೂಪಲ್ಲಿ ಕೂತವರನ್ನೂ ಕರೀಬಹುದು, ಹಾಗಾಗಿ ನಡೆದಿದ್ದನ್ನ ಬರೀರಿ, ಊಹೆ ಬರೀಬೇಡಿ. ಯಾರಾದ್ರೂ ಎಚ್‌ಐವಿ ಇದೆ ಅಂತ ಹೇಳ್ಕೊಂಡ್ರೆ 2017ರ ಎಚ್‌ಐವಿ ಕಾಯ್ದೆ ಬೇರೆನೇ ಇದೆ, ಅದರಲ್ಲೇ ಹೇಳಿರೋ ಕೆಲವು ಸಂದರ್ಭ ಬಿಟ್ರೆ ಅವರ ಒಪ್ಪಿಗೆ ಇಲ್ದೆ ಬಾಯಿ ಬಿಡೋಹಾಗಿಲ್ಲ.

ಫೋಟೋ ವಿಷಯ. ಫಂಡ್ ಕೊಟ್ಟವರಿಗೆ ತೋರಿಸೋಕೆ ಬ್ಯಾನರ್ ಹಿಡ್ಕೊಂಡು ಒಂದು ಗ್ರೂಪ್ ಫೋಟೋ ಬೇಕು ಅಂತ ಕೇಳೇ ಕೇಳ್ತಾರೆ. ಖಾಲಿ ಕುರ್ಚಿಗಳ ಫೋಟೋ ಕೊಡಿ, ಹಾಜರಿ ಸಂಖ್ಯೆ ಕೊಡಿ, ಮುಖ ಕೊಡ್ಬೇಡಿ. ವಾಟ್ಸಾಪ್ ಗ್ರೂಪೂ ಬೇಡ, ಎಲ್ರ ನಂಬರ್ ಎಲ್ರಿಗೂ ಹೋಗುತ್ತೆ, ಮನೇಲಿ ಫೋನ್ ಹಿಡಿಯೋರು ಬೇರೆ ಯಾರೋ ಆಗಿರ್ತಾರೆ. ಮೀಟಿಂಗ್ ಟೈಮ್ ಒಬ್ಬೊಬ್ಬರಿಗೇ ಫೋನ್ ಮಾಡಿ ಹೇಳಿ, ಬೇರೆ ಯಾರಾದ್ರೂ ಎತ್ತಿದ್ರೆ ಏನು ಹೇಳ್ಬೇಕು ಅಂತ ಮೊದಲೇ ಕೇಳಿಟ್ಕೊಂಡಿರಿ.

ಇಷ್ಟೆಲ್ಲ ಮಾಡಿದ್ರೂ ಒಂದಲ್ಲ ಒಂದಿನ ಮಾತು ಹೊರಗೆ ಹೋಗುತ್ತೆ. ಆಗ ಮೊದ್ಲು ಯಾರ ಗುಟ್ಟು ಹೋಯ್ತೋ ಅವರನ್ನ ಒಂಟಿಯಾಗಿ ನೋಡಿ, ಮುಂದೆ ಏನಾಗ್ಬೇಕು ಅಂತ ಅವರನ್ನೇ ಕೇಳಿ. ಅವರು ಒಪ್ಪಿದ್ರೆ ಮುಂದಿನ ಸೆಷನ್‌ನಲ್ಲಿ ವಿಷಯ ಎತ್ತಿ, ಹೊರಗೆ ಹೇಳಿದವರು ತಪ್ಪು ಒಪ್ಕೊಂಡು ಉಳಿಯೋದಾ, ಗ್ರೂಪ್ ಬಿಡೋದಾ ಅಂತ ಎಲ್ರ ಮುಂದೆ ತೀರ್ಮಾನ ಮಾಡಿ, ನಡೆದಿದ್ದನ್ನ ತಾರೀಖು ಹಾಕಿ ಬರೆದಿಡಿ, ನಿಮ್ಮ ಸೂಪರ್‌ವೈಸರ್‌ಗೆ ಅದೇ ವಾರ ಹೇಳಿ.