ಹೊಟೇಲು ಬಿಟ್ಟು ಊರಿಗೆ ಹೊರಡುವ ಮುನ್ನ: ಗ್ರಾಚ್ಯುಟಿ ಲೆಕ್ಕ ಹಾಕಿ ಪಡೆಯುವುದು ಹೇಗೆ?

ಮುಂಬಯಿಯ ಹೊಟೇಲುಗಳಲ್ಲಿ ಕೆಲಸ ಬಿಡುವ ದಿನ ಗಲ್ಲಾದ ಹತ್ತಿರ ಒಂದು ವೋಚರ್ ಮುಂದೆ ಬರುತ್ತದೆ. 'ಎಲ್ಲ ಹಿಸಾಬು ಚುಕ್ತಾ, ಇನ್ನೇನೂ ಬಾಕಿ ಇಲ್ಲ' ಎಂಬ ಒಂದೇ ಸಾಲು. ಪಗಾರದ ಬಾಕಿ, ರಜೆಯ ದುಡ್ಡು, ಬೋನಸ್ಸು, ಗ್ರಾಚ್ಯುಟಿ (ವರ್ಷಗಟ್ಟಲೆ ದುಡಿದದ್ದಕ್ಕೆ ಕೆಲಸ ಬಿಡುವಾಗ ಮಾಲೀಕರು ಕೊಡಬೇಕಾದ ಇಡಿಗಂಟು) ನಾಲ್ಕೂ ಆ ಸಾಲಿನಲ್ಲೇ ಮುಳುಗಿಹೋಗುತ್ತವೆ. ಸಂಜೆಗೆ ಊರಿನ ಬಸ್ಸು, ಸಹಿ ಬಿದ್ದೇ ಬೀಳುತ್ತದೆ. ಹಾಗೆ ಸಹಿ ಹಾಕಿದ ಮಾತ್ರಕ್ಕೆ ಗ್ರಾಚ್ಯುಟಿಯ ಹಕ್ಕು ಕಾನೂನಿನ ಪ್ರಕಾರ ಸಾಯುವುದಿಲ್ಲ. ಆದರೆ ಆ ವೋಚರಿನಲ್ಲಿ ಗ್ರಾಚ್ಯುಟಿಯ ದುಡ್ಡು ಇರಲಿಲ್ಲ ಎಂದು ಆಮೇಲೆ ತೋರಿಸಿಕೊಡುವುದು ದೊಡ್ಡ ರಗಳೆ. ಪ್ರತಿ ಬಾಬ್ತಿನ ಮೊತ್ತ ಬೇರೆ ಬೇರೆ ಸಾಲಿನಲ್ಲಿ ಬರೆಸಿ. ತೆಗೆದುಕೊಂಡ ಅಡ್ವಾನ್ಸ್ ಇದ್ದರೆ ಅದೂ ಬೇರೆ ಸಾಲಿನಲ್ಲಿರಲಿ. ಸಹಿಗೆ ಮುಂಚೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ.

ಯಾರಿಗೆ ಸಿಗುತ್ತದೆ?

ಹಿಂದಿನ ಹನ್ನೆರಡು ತಿಂಗಳಲ್ಲಿ ಒಂದು ದಿನವಾದರೂ ಹತ್ತು ಜನ ಕೆಲಸಕ್ಕಿದ್ದ ಹೊಟೇಲಿಗೆ ಗ್ರಾಚ್ಯುಟಿ ಕಾನೂನು ತಗಲುತ್ತದೆ. ಸಪ್ಲೈಯರ್, ಅಡುಗೆಯವರು, ಪಾತ್ರೆ ತೊಳೆಯುವವರು, ಗಲ್ಲಾದಲ್ಲಿ ಕೂರುವವರು ಎಲ್ಲರೂ ಲೆಕ್ಕಕ್ಕೆ. ಒಮ್ಮೆ ತಗಲಿದ ಮೇಲೆ ಜನ ಎಂಟಕ್ಕಿಳಿದರೂ ಕಾನೂನು ಬಿಡುವುದಿಲ್ಲ.

ಐದು ವರ್ಷದ ಸತತ ಸೇವೆ ಆಗಿರಬೇಕು. ಕೆಲಸದಲ್ಲಿದ್ದಾಗಲೇ ತೀರಿಕೊಂಡರೆ ಅಥವಾ ಅಂಗವಿಕಲರಾದರೆ ಈ ಐದು ವರ್ಷದ ಷರತ್ತಿಲ್ಲ. 2025ರ ನವೆಂಬರ್ 21ರಂದು, ಗ್ರಾಚ್ಯುಟಿಯ ನಿಯಮಗಳನ್ನೂ ಒಳಗೊಂಡ ಹೊಸ ಕಾನೂನು ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದ ಮೇಲೆ, ಇಂತಿಷ್ಟೇ ಅವಧಿಗೆ ಎಂದು ಕರಾರು ಬರೆಸಿಕೊಂಡು ಸೇರಿದವರಿಗೆ ಒಂದು ವರ್ಷವಾದರೂ ಸಾಕು.

ಮೇ ತಿಂಗಳಲ್ಲಿ ರಜೆ ಹಾಕಿ ಊರಿಗೆ ಹೋಗಿ ಬಂದರೆ ಸೇವೆ ತುಂಡಾಗುವುದಿಲ್ಲ. ವರ್ಷದಲ್ಲಿ 240 ದಿನ ಕೆಲಸ ಮಾಡಿದ್ದರೆ ಆ ವರ್ಷ ಪೂರ್ತಿ ಎಂದೇ ಲೆಕ್ಕ. ತಕರಾರು ಏಳುವುದು ಬೇರೆ ಕಡೆ: ನಾಲ್ಕನೇ ವರ್ಷಕ್ಕೆ ರಾಜೀನಾಮೆ ಬರೆಸಿಕೊಂಡು ಮರುವಾರ 'ಹೊಸದಾಗಿ' ಸೇರಿಸಿಕೊಂಡ ಕಡೆ. ಅಂಥ ರಾಜೀನಾಮೆಗೆ ಸಹಿ ಹಾಕಲೇಬೇಡಿ. ಹಾಕಿ ಆಗಿದ್ದರೆ ಆ ವಾರದ ಮುಂಚೆಯೂ ನಂತರವೂ ಅಲ್ಲೇ ಇದ್ದಿರಿ ಎಂಬುದಕ್ಕೆ ದಾಖಲೆ ಕೂಡಿಸಿ.

ಲೆಕ್ಕ

ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆ ಕೂಡಿಸಿ 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಮತ್ತೆ ಗುಣಿಸಿ. ಕೊನೆಯ ತುಂಡು ವರ್ಷ ಆರು ತಿಂಗಳು ದಾಟಿದ್ದರೆ ಪೂರ್ತಿ ವರ್ಷ.

ಮೂಲ ವೇತನ, ತುಟ್ಟಿಭತ್ಯೆ ಸೇರಿ 15,600, ಸೇವೆ 11 ವರ್ಷ 7 ತಿಂಗಳು ಎನ್ನಿ. ದಿನಕ್ಕೆ 600, ಹದಿನೈದು ದಿನಕ್ಕೆ 9,000, ಹನ್ನೆರಡು ವರ್ಷಕ್ಕೆ 1,08,000 ರೂಪಾಯಿ. ಇದನ್ನೇ 30ರಿಂದ ಭಾಗಿಸಿದರೆ 93,600 ಬರುತ್ತದೆ, 14,400 ಅಲ್ಲೇ ಹೋಯಿತು. ಏಳು ತಿಂಗಳನ್ನೂ ಕೈಬಿಟ್ಟರೆ ಇನ್ನೊಂದು 7,800 ಹೋಯಿತು. ಭಾಗಿಸುವ ಸಂಖ್ಯೆಯನ್ನೇ ಮೊದಲು ನೋಡಿ, ಹೆಚ್ಚಿನ ತಪ್ಪು ಅಲ್ಲೇ.

ಮೂಲ ವೇತನವನ್ನು ಬೇಕೆಂದೇ ಕಡಿಮೆ ತೋರಿಸುವ ಹಳೆಯ ಉಪಾಯಕ್ಕೆ ಹೊಸ ಸಂಹಿತೆ ಕಡಿವಾಣ ಹಾಕಿದೆ. ಒಟ್ಟು 24,000ದಲ್ಲಿ ಮೂಲ ವೇತನ 8,000, ಉಳಿದ 16,000 ಭತ್ಯೆ ಎಂದು ಬರೆದಿದ್ದರೆ, ಭತ್ಯೆ ಅರ್ಧಕ್ಕಿಂತ 4,000 ಹೆಚ್ಚಾಯಿತಲ್ಲ, ಆ 4,000 ವೇತನಕ್ಕೆ ಸೇರುತ್ತದೆ. ಲೆಕ್ಕ 12,000ದ ಮೇಲೆ ನಡೆಯಬೇಕು. ಗ್ರಾಚ್ಯುಟಿಯ ಗರಿಷ್ಠ ಮಿತಿ 20 ಲಕ್ಷ.

ಕಾಗದಪತ್ರ

ನೇಮಕ ಪತ್ರ ಕೊಡುವ ಹೊಟೇಲು ಕಡಿಮೆ. ಪಿಎಫ್ ಪಾಸ್‌ಬುಕ್ಕಿನ ಸೇರಿದ ದಿನಾಂಕ, ಇಎಸ್‌ಐ ಕಾರ್ಡು, ಪಗಾರ ಜಮೆಯಾದ ಬ್ಯಾಂಕ್ ಪುಟಗಳು, ಹೊಟೇಲಿನ ವಿಳಾಸವಿರುವ ಹಳೆಯ ಆಧಾರ್ ಪ್ರತಿ, ಧಣಿಯ ಮೊಬೈಲಿನಿಂದ ಯುಪಿಐನಲ್ಲಿ ಬಂದ ದುಡ್ಡಿನ ವಿವರ, ಇವೆಲ್ಲ ಸಾಕ್ಷಿಗಳೇ. ನಗದು ಪಗಾರ ಪಡೆದವರಿಗೆ ಜೊತೆಗೆ ಕೆಲಸ ಮಾಡಿದ ಇಬ್ಬರ ಹೇಳಿಕೆ ಆಸರೆಯಾಗುತ್ತದೆ. ಅವರು ಊರು ಸೇರುವ ಮುಂಚೆ ಫೋನ್ ನಂಬರ್ ಬರೆದಿಟ್ಟುಕೊಳ್ಳಿ.

ಹೊಟೇಲನ್ನು ಮೂಲ ಮಾಲೀಕರು 'ಕಂಡಕ್ಟಿಂಗ್'ಗೆ, ಎಂದರೆ ನಡೆಸಲು ಬೇರೊಬ್ಬರಿಗೆ, ಕೊಟ್ಟಿದ್ದರೆ ಇಬ್ಬರೂ ಒಬ್ಬರ ಮೇಲೊಬ್ಬರು ಬೊಟ್ಟು ಮಾಡುತ್ತಾರೆ. ದೂರು ಕೊಡಬೇಕಾಗಿ ಬಂದರೆ ಆ ಅರ್ಜಿಯಲ್ಲಿ ಇಬ್ಬರ ಹೆಸರನ್ನೂ ಎದುರುದಾರರಾಗಿ ಹಾಕಿ, ಹೊಣೆ ಯಾರದೆಂದು ಅಧಿಕಾರಿ ತೀರ್ಮಾನಿಸಲಿ.

ಅರ್ಜಿ

ಕೆಲಸ ಬಿಟ್ಟ 30 ದಿನದೊಳಗೆ ಹೆಸರು, ಸೇರಿದ ಮತ್ತು ಬಿಟ್ಟ ದಿನಾಂಕ, ಕೊನೆಯ ವೇತನ, ಕೇಳುವ ಮೊತ್ತ, ಬ್ಯಾಂಕ್ ಖಾತೆ ಬರೆದು ಮಾಲೀಕರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ. ರಸೀದಿಯನ್ನೂ ಪತ್ರದ ಪ್ರತಿಯನ್ನೂ ಇಟ್ಟುಕೊಳ್ಳಿ. ತಡವಾಯಿತೆಂಬ ಒಂದೇ ಕಾರಣಕ್ಕೆ ಹಕ್ಕು ಹೋಗುವುದಿಲ್ಲ.

ಧಣಿಗಳಿಗೆ ಒಂದು ಮಾತು: 'ಅವನು ಅರ್ಜಿಯೇ ಕೊಟ್ಟಿಲ್ಲ' ಎಂಬುದು ನಡೆಯದ ಸಬೂಬು. ಅರ್ಜಿ ಬರಲಿ ಬಿಡಲಿ, ಲೆಕ್ಕ ಹಾಕಿ ಬರಹದಲ್ಲಿ ತಿಳಿಸಿ 30 ದಿನದೊಳಗೆ ಕೊಡುವುದು ಮಾಲೀಕರ ಕೆಲಸ. ತಡವಾದರೆ ಬಡ್ಡಿ ಓಡುತ್ತದೆ. ವರ್ಷಕ್ಕೆ ಶೇ. 10ರ ಸರಳ ಬಡ್ಡಿಯಂತೆ ಮೇಲಿನ 1,08,000ಕ್ಕೆ ತಿಂಗಳಿಗೆ 900 ರೂಪಾಯಿ. ಬಾಕಿ ಪಗಾರದ ಗಡುವು ಇನ್ನೂ ಬಿಗಿ: ರಾಜೀನಾಮೆಯಾಗಲಿ, ತೆಗೆದುಹಾಕಿದ್ದಾಗಲಿ, ಎರಡು ಕೆಲಸದ ದಿನಗಳೊಳಗೆ ಚುಕ್ತಾ ಆಗಬೇಕು. ಕೆಲಸದಲ್ಲಿರುವವರು, ತಾವು ತೀರಿಕೊಂಡರೆ ಗ್ರಾಚ್ಯುಟಿ ಯಾರಿಗೆ ಎಂದು ಬರೆದುಕೊಟ್ಟ ನಾಮಿನೇಶನ್ ಕಾಗದವನ್ನೂ ಒಮ್ಮೆ ತೆರೆದು ನೋಡಿ. ಮದುವೆಗೆ ಮುಂಚೆ ಗೆಳೆಯನ ಹೆಸರು ಬರೆಸಿದ್ದರೆ ಮದುವೆಯಾದ ಮೇಲೆ ಅದು ಊರ್ಜಿತವಲ್ಲ.

ಉತ್ತರವೇ ಬಾರದಿದ್ದರೆ ಅಥವಾ ಮೊತ್ತ ಕಡಿಮೆಯಾದರೆ ಪ್ರಾಧಿಕಾರಕ್ಕೆ ದೂರು ಕೊಡಿ. ಮುಂಬಯಿಯಲ್ಲಿ ಇಂಥ ಅರ್ಜಿಗಳನ್ನು ಕೇಳುತ್ತ ಬಂದದ್ದು ಲೇಬರ್ ಕೋರ್ಟು. ಸಂಹಿತೆ ಬಂದ ಮೇಲೆ ಹೆಸರು 'ಸಕ್ಷಮ ಪ್ರಾಧಿಕಾರ' ಎಂದಾಗಿದೆ. ಹೊಸ ವ್ಯವಸ್ಥೆಗೆ ಹೊರಳುವ ಕಾಲವಾದ್ದರಿಂದ, ನಿಮ್ಮ ಹೊಟೇಲಿರುವ ವಿಭಾಗಕ್ಕೆ ಯಾರು ಎಂದು ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಕಾಮಗಾರ್ ಭವನದಲ್ಲಿ ಕೇಳಿಕೊಂಡೇ ಅರ್ಜಿ ಹಾಕಿ. ಅರ್ಜಿ ಮರಾಠಿಯಲ್ಲಿದ್ದರೆ ಕೆಲಸ ಸಲೀಸು. ತೀರ್ಪಿನ ಮೇಲೆ 60 ದಿನದೊಳಗೆ ಮೇಲ್ಮನವಿಗೆ ಅವಕಾಶವಿದೆ, ಆದರೆ ಮೇಲ್ಮನವಿ ಹಾಕುವವರು ಮಾಲೀಕರಾದರೆ ಗ್ರಾಚ್ಯುಟಿಯ ಮೊತ್ತವನ್ನು ಮೊದಲು ಠೇವಣಿ ಇಡಬೇಕು.