ನಾನು ಊದದ ಸೋಲೋಗೆ ನನಗೇ ಶಹಬ್ಬಾಸ್

ಹುಡುಗನಾಗಿದ್ದಾಗ ಮಂಗಳೂರು ಕಡೆ ಇಗರ್ಜಿ ಹಬ್ಬಗಳ ಬ್ಯಾಂಡ್‌ಸೆಟ್‌ನಲ್ಲಿ ಟ್ರಂಪೆಟ್ ಊದುತ್ತಿದ್ದೆ. ಒಬ್ಬನಿಗೆ ಉಸಿರು ಸಾಲದಿದ್ದರೆ ಪಕ್ಕದವನು ಎತ್ತಿಕೊಳ್ಳುತ್ತಿದ್ದ, ಮೆರವಣಿಗೆ ನಿಲ್ಲಬಾರದು ಅಷ್ಟೇ. ಯಾರು ಯಾರ ಪಾರ್ಟ್ (ಒಂದೊಂದು ವಾದ್ಯಕ್ಕೆ ಬರೆದ ಪಾಲು) ಊದಿದರು ಅಂತ ಯಾರೂ ಕೇಳುತ್ತಿರಲಿಲ್ಲ. ಕೆಲಸದ ಮೇಲೆ ಯಾರ್ಕ್‌ಶೈರ್‌ಗೆ ಬಂದು ಇಲ್ಲಿನ ನಾಲ್ಕನೇ ಸೆಕ್ಷನ್ನಿನ (ಸೆಕ್ಷನ್ ಅಂದ್ರೆ ಸ್ಪರ್ಧೆಯ ದರ್ಜೆ) ಬ್ರಾಸ್ ಬ್ಯಾಂಡ್ ಒಂದನ್ನು, ಅಂದ್ರೆ ಹಿತ್ತಾಳೆ ವಾದ್ಯಗಳ ತಂಡವನ್ನು, ಸೇರಿ ಬ್ಯಾರಿಟೋನ್ ಅನ್ನೋ ವಾದ್ಯ ಹಿಡಿದ ಮೇಲೆ ಗೊತ್ತಾಯಿತು, ಇದೇ ವಿಷಯಕ್ಕೆ ಇಲ್ಲಿ ಮಾತು ಬಿಟ್ಟವರೂ ಇದ್ದಾರೆ ಅಂತ.

ಇಲ್ಲಿನ ಸ್ಪರ್ಧೆ ಹಳೆಯದು. ಮ್ಯಾಂಚೆಸ್ಟರಿನ ಬೆಲ್ ವ್ಯೂನಲ್ಲಿ 1853ರಲ್ಲೇ ಶುರುವಾಗಿತ್ತು. ಊದುವವರು 25 ಜನ, ಜೊತೆಗೆ ಡ್ರಮ್ಮಿನವರು. ಒಂದು ಸೆಕ್ಷನ್ನಿನ ಎಲ್ಲ ಬ್ಯಾಂಡ್‌ಗಳಿಗೂ ಒಂದೇ ಟೆಸ್ಟ್ ಪೀಸ್, ಅಂದ್ರೆ ಸ್ಪರ್ಧೆಗೆ ಕೊಟ್ಟ ಕೃತಿ. ತೀರ್ಪುಗಾರರು ಪರದೆ ಕಟ್ಟಿದ ಪೆಟ್ಟಿಗೆಯೊಳಗೆ ಕೂತು ಬರೀ ಕಿವಿಯಿಂದ ಕೇಳುತ್ತಾರೆ. ವೇದಿಕೆ ಮೇಲೆ ಯಾವ ಬ್ಯಾಂಡ್ ಇದೆ ಅಂತ ಅವರಿಗೆ ತಿಳಿಯಬಾರದು, ಯಾಕಂದ್ರೆ ಹೆಸರು ನೋಡಿ ಅಂಕ ಹಾಕಬಾರದಲ್ವಾ. ಆದರೆ ಹೆಸರು ಮುಚ್ಚಿದ ಅದೇ ಪರದೆ, ಸೋಲೋ (ಒಬ್ಬನೇ ಊದುವ ಭಾಗ) ಊದಿದ್ದು ಯಾರು ಅನ್ನೋದನ್ನೂ ಮುಚ್ಚುತ್ತದೆ.

ಪಾರ್ಟ್ ಬದಲಾಯಿಸೋದು ಇಲ್ಲಿ ಸುಲಭವೂ ಹೌದು. ಬಾಸ್ ಟ್ರಾಂಬೋನ್ ಒಂದನ್ನು ಬಿಟ್ಟು ಊದುವ ಎಲ್ಲರದ್ದೂ ಟ್ರೆಬಲ್ ಕ್ಲೆಫ್, ಅಂದ್ರೆ ಸ್ವರ ಬರೆಯುವ ರೀತಿ ಒಂದೇ. ನನ್ನ ಬ್ಯಾರಿಟೋನ್ ಹಾಳೆಯನ್ನು ಯುಫೋನಿಯಂ (ಇನ್ನೂ ದಪ್ಪ ಕೊಳವೆಯ ವಾದ್ಯ) ಊದುವವನ ಮುಂದಿಟ್ಟರೆ ಅವನು ಅದೇ ಬೆರಳಲ್ಲಿ ಊದುತ್ತಾನೆ, ಶ್ರುತಿಯೂ ಅದೇ. ಟೆನರ್ ಹಾರ್ನಿನದ್ದು ಫ್ಲೂಗಲ್‌ಗೆ ಕೊಡುವುದಾದರೆ ಹೊಸದಾಗಿ ಬರೆಯಬೇಕು, ಆ ಎರಡು ವಾದ್ಯಗಳ ಶ್ರುತಿ ಬೇರೆ. ಹಾರ್ನಿನ ಹಾಳೆಯಲ್ಲಿ ಸ ಇದ್ದರೆ ಫ್ಲೂಗಲ್ಲಿನವನಿಗೆ ಅದು ಕೆಳಗಿನ ಮ.

ಈಗ ನನ್ನ ಕಥೆ. ಮಾರ್ಚ್ ತಿಂಗಳ ಪ್ರಾದೇಶಿಕ ಸ್ಪರ್ಧೆ, ಅದಕ್ಕೆ ಹತ್ತು ದಿನ ಮುಂಚೆ. ನನಗೆ ಎಂಟು ಬಾರಿನ (ಬಾರ್ ಅಂದ್ರೆ ತಾಳದ ಒಂದು ಅಳತೆ) ಸೋಲೋ ಇತ್ತು, ನಿಧಾನದ್ದು, ತಪ್ಪಿದರೆ ಮುಚ್ಚಿಕೊಳ್ಳಲು ಏನೂ ಇಲ್ಲದೆ ಬರಿಗೈಯಲ್ಲಿ ನಿಂತ ಹಾಗೆ. ಆರನೇ ಬಾರಿನ ಮೇಲಿನ ಸ್ವರ ಮೂರು ಸಲಕ್ಕೆ ಒಂದು ಸಲ ನನಗೆ ಒಡೆಯುತ್ತಿತ್ತು. ಕಂಡಕ್ಟರ್ (ಬಸ್ಸಿನವರಲ್ಲ, ಬ್ಯಾಂಡ್ ನಡೆಸುವವರು) ಚಹಾ ಬಿಡುವಿನಲ್ಲಿ ಬಂದರು. ಏನೂ ಹೇಳಲಿಲ್ಲ. ಪೆನ್ಸಿಲ್ ತೆಗೆದು ನನ್ನ ಹಾಳೆಯಲ್ಲಿ ಆ ಎಂಟು ಬಾರಿನ ಸುತ್ತ ಚೌಕ ಎಳೆದು ಮೇಲೆ 'ಟಾಸೆಟ್' ಅಂತ ಬರೆದರು, ಅಂದ್ರೆ ಸುಮ್ನೆ ಕೂತಿರು ಅಂತ. ಎರಡನೇ ಯುಫೋನಿಯಂನವನಿಗೆ ಅಲ್ಲಿ ಬಿಡುವಿತ್ತು, ಅವನಿಗೆ ಹೋಯಿತು.

ಸ್ಪರ್ಧೆಯ ದಿನ ಅವನು ನಿಜಕ್ಕೂ ಚೆನ್ನಾಗಿ ಊದಿದ. ಬ್ಯಾರಿಟೋನ್ ಕೊಳವೆ ಸಪೂರ, ದನಿಯೂ ತೆಳು. ಅವನು ಯುಫೋನಿಯಂನ ದಪ್ಪ ದನಿಯನ್ನು ಎಷ್ಟು ಇಳಿಸಿದ್ದ ಅಂದ್ರೆ ನನಗೇ ಆಶ್ಚರ್ಯ. ನಾನು ವಾದ್ಯ ತೊಡೆ ಮೇಲಿಟ್ಟುಕೊಂಡು ಬಾರ್ ಎಣಿಸುತ್ತಾ ಕೂತಿದ್ದೆ. ಸಂಜೆ ತೀರ್ಪುಗಾರರ ಹಾಳೆ ಬಂತು: 'ಬ್ಯಾರಿಟೋನ್, ತುಂಬಾ ಸೊಗಸು.' ಪಬ್ಬಿನಲ್ಲಿ ನಾಲ್ಕೈದು ಜನ ಬೆನ್ನು ತಟ್ಟಿದರು, ಅವರಿಗೂ ವಿಷಯ ಗೊತ್ತಿರಲಿಲ್ಲ. ನಾನು ಥ್ಯಾಂಕ್ಸ್ ಅಂದೆ. ಈಗಲೂ ಜಾಸ್ತಿ ನಾಚಿಕೆ ಆಗೋದು ಆ ಥ್ಯಾಂಕ್ಸ್‌ಗೇ.

ಆಮೇಲೆ ಹಾಳೆಗಳನ್ನು ನೋಡಿಕೊಳ್ಳುವ ಲೈಬ್ರರಿಯನ್ ಕೆಲಸ ನನ್ನ ಪಾಲಿಗೆ ಬಂತು, ಯಾರಿಗೂ ಬೇಡವಾದ ಕೆಲಸ. ನಾನು ಒಂದು ಹಟ ಹಿಡಿದೆ: ಬದಲಾವಣೆ ಏನಿದ್ದರೂ ಎಲ್ಲರೂ ಕೂತಿರುವಾಗ ಬಾಯಿಬಿಟ್ಟು ಹೇಳಬೇಕು, ಅದೂ ಸ್ಪರ್ಧೆಗೆ ಒಂದು ತಿಂಗಳು ಇರುವಾಗಲೇ. ಉಸಿರು ಹಂಚಿಕೊಳ್ಳೋದಕ್ಕೆ ನನ್ನ ತಕರಾರಿಲ್ಲ. ಉದ್ದ ಸ್ವರವನ್ನು ಇಬ್ಬರು ಕಾರ್ನೆಟ್‌ನವರು ಪಾಳಿಯಲ್ಲಿ ಹಿಡಿಯಲಿ, ಹುಷಾರಿಲ್ಲದೆ ಯಾರಾದರೂ ಬರದಿದ್ದರೆ ಆ ಪಾರ್ಟನ್ನೂ ಯಾರೋ ತುಂಬಲಿ. ಆದರೆ ಸೋಲೋ ಬರೆದಿರುವ ಕುರ್ಚಿಯಲ್ಲಿ ಆಳು ಕೂತಿದ್ದರೆ ಅದು ಅವನದ್ದೇ. ಸೆಕ್ಷನ್ ಅಂತ ಮಾಡಿರೋದೇ ಆ ಮಟ್ಟದವರು ಆ ಪಾರ್ಟ್ ಊದಬಲ್ಲರಾ ಅಂತ ನೋಡೋದಕ್ಕೆ. ಪಕ್ಕದ ಊರಿನ ಬ್ಯಾಂಡಿನ ಬ್ಯಾರಿಟೋನ್ ಹುಡುಗಿ ಒಡೆಯುವ ಸ್ವರವನ್ನು ತಾನೇ ಊದಿ ಅಂಕ ಕಳೆದುಕೊಂಡಿದ್ದರೆ, ನಾವು ಗೆದ್ದದ್ದು ಯಾವುದನ್ನು?

ಕಂಡಕ್ಟರ್ ಒಪ್ಪಲು ಒಂದು ವರ್ಷ ಹಿಡಿಯಿತು. ಅವರದ್ದೂ ತಪ್ಪು ಅನ್ನಲ್ಲ. ಮೂರು ವರ್ಷದ ಸ್ಥಾನಗಳನ್ನು ಕೂಡಿ ಬ್ಯಾಂಡನ್ನು ಮೇಲೇರಿಸೋದು, ಕೆಳಗಿಳಿಸೋದು ಮಾಡುತ್ತಾರೆ. ಒಂದು ಒಡೆದ ಸ್ವರದ ಬೆಲೆ ಅವರಿಗೆ ಗೊತ್ತು.

ಮುಂದಿನ ಮಾರ್ಚ್‌ನಲ್ಲಿ ಮತ್ತೆ ಬ್ಯಾರಿಟೋನ್ ಸೋಲೋ ಇತ್ತು, ಹನ್ನೆರಡು ಬಾರ್. ನಾನೇ ಊದಿದೆ. ಸ್ವರ ಒಡೆಯಲಿಲ್ಲ, ನಡುಗಿತು. ಹಾಳೆಯಲ್ಲಿ ಬಂದದ್ದು: 'ಬ್ಯಾರಿಟೋನ್ ಸ್ವಲ್ಪ ಹೆದರಿದಂತಿದೆ.' ಹಿಂದಿನ ಸಲಕ್ಕಿಂತ ಎರಡು ಸ್ಥಾನ ಕೆಳಗೆ ಬಂದೆವು. ಆ ಯುಫೋನಿಯಂನವನೇ ಬಿಯರ್ ಕೊಡಿಸಿದ.